ಅಳಲೆಕಾಯಿ ಕುಡಿದ ಕಿಟಕಿ

ಚೂಡಾಮಣಿಗೆ ಹೆದರಿಕೆಗಳು ಎಂದೂ ಒಂಟಿಯಾಗಿ ಬಂದದ್ದಿಲ್ಲ, ಜೋಡಿಯಾಗಿಯೇ ಬರುತ್ತಿದ್ದವು. ಮಗುವಿಗೆ ಸ್ವೆಟರ್ ಹಾಕಿದರೆ ಬೆವರುಸಾಲೆ, ಹಾಕದಿದ್ದರೆ ನೆಗಡಿ. ತೊಟ್ಟಿಲನ್ನು ನಡುಮನೆಯಲ್ಲಿ ಕಟ್ಟಿದರೆ ಗಾಳಿ, ಅಡಿಗೆಮನೆ ಪಕ್ಕ ಕಟ್ಟಿದರೆ ಹೊಗೆ. ಮಗು ಅತ್ತರೆ ಹೊಟ್ಟೆನೋವೇನೋ ಎಂದು ಓಡಿಬರುವಳು, ಸುಮ್ಮನಿದ್ದರೆ ಯಾಕೆ ಅಳುತ್ತಿಲ್ಲ ಎಂದು ಇನ್ನೂ ಬೇಗ ಓಡಿಬರುವಳು. ಜಯನಗರದ ಹೊಸ ಮನೆಗೆ ಬಂದ ಮೇಲೆ ಈ ಸಾಲಿಗೆ ಕಿಟಕಿಯ ಕಂಬಿಗಳೂ ಸೇರಿಕೊಂಡವು. ಕಂಬಿಯ ತುಕ್ಕು ಹಾಗೇ ಬಿಟ್ಟರೆ ಧನುರ್ವಾಯು, ತುಕ್ಕಿಗೆ ಬಣ್ಣ ಬಳಿದರೆ ಸೀಸ.

ಸೀಸದ ಹೆದರಿಕೆ ಅವಳಿಗೆ ಓದಿ ಬಂದದ್ದಲ್ಲ. ಅವಳ ತಂದೆ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಇಡೀ ದಿನ ಸೀಸದ ಅಕ್ಷರಗಳನ್ನು ಬೆರಳಲ್ಲಿ ಹೆಕ್ಕುವುದು, ಮಧ್ಯಾಹ್ನ ಅದೇ ಬೆರಳಲ್ಲಿ ಮೊಸರನ್ನ ಕಲಸುವುದು. ವರ್ಷಗಳು ಕಳೆದಂತೆ ಹೊಟ್ಟೆ ನುಲಿಯತೊಡಗಿತು, ಮಣಿಕಟ್ಟು ಜೋತುಬಿದ್ದಿತು. ಒಂದು ದಿನ ಡಾಕ್ಟರು ಅವರ ಕೆಳದುಟಿಯನ್ನು ಹೆಬ್ಬೆರಳಲ್ಲಿ ಇಳಿಸಿ, ಹಲ್ಲಿನ ಬುಡಕ್ಕೆ ಒಸಡಿನ ಉದ್ದಕ್ಕೂ ಎಳೆದಂತಿದ್ದ ನೀಲಿಗಪ್ಪು ಗೆರೆಯನ್ನು ತೋರಿಸಿ, "ಇದು ಸೀಸ ಕಣಮ್ಮ" ಎಂದಿದ್ದರು. ಪಕ್ಕದಲ್ಲಿ ನಿಂತಿದ್ದ ಚೂಡಾಮಣಿ ಆಗ ಹೈಸ್ಕೂಲು ಹುಡುಗಿ. ತಂದೆ ಹೆಚ್ಚು ದಿನ ಉಳಿಯಲಿಲ್ಲ. ಆ ಗೆರೆ ಮಾತ್ರ ಅವಳ ಕಣ್ಣಿನಿಂದ ಹೋಗಲೇ ಇಲ್ಲ.

ಅದೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಏನನ್ನಾದರೂ ಸುಟ್ಟು, ಕಾಯಿಸಿ, ಬಣ್ಣ ಬದಲಾಯಿಸಿ ತೋರಿಸಿದರೆ ಮಿಕ್ಕ ಹುಡುಗಿಯರು ಸೆರಗಲ್ಲಿ ಮೂಗು ಮುಚ್ಚುತ್ತಿದ್ದರು. ಇವಳು ಬೆಂಚಿನಿಂದ ಎದ್ದು ಬಗ್ಗಿ ನೋಡುತ್ತಿದ್ದಳು. ಹೆದರುವ ಕಣ್ಣೂ ನೋಡುವ ಕಣ್ಣೂ ಅವಳಿಗೆ ಒಂದೇ ಆಗಿತ್ತು. ಎಸ್.ಎಸ್.ಎಲ್.ಸಿ. ಮುಗಿಯುತ್ತಲೇ ಮದುವೆಯಾಯಿತು. ಗಂಡ ಅನಂತಪದ್ಮನಾಭ ಸರ್ಕಾರಿ ಕಚೇರಿಯೊಂದರಲ್ಲಿ ಸೇತುವೆ, ಕಟ್ಟಡಗಳ ನಕ್ಷೆ ಬರೆಯುವವನು. ಐವತ್ತೇಳರಲ್ಲಿ, ಮಗ ಸೇತುರಾಮ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಅತ್ತೆ ಲಕ್ಷ್ಮಿದೇವಮ್ಮನವರನ್ನೂ ಕರೆದುಕೊಂಡು ಬಸವನಗುಡಿಯ ವಠಾರ ಬಿಟ್ಟು ಜಯನಗರದ ಸ್ವಂತ ಮನೆಗೆ ಬಂದರು. ಮಾವ ಜಮೀನು ನೋಡಿಕೊಂಡು ಊರಲ್ಲೇ ಇದ್ದರು.

ಆಗಿನ ಜಯನಗರದಲ್ಲಿ ಮನೆಗಿಂತ ಬಯಲೇ ಹೆಚ್ಚು. ಬೀದಿ ತುಂಬ ಕೆಮ್ಮಣ್ಣು, ಕಲ್ಲು ಹೇರಿಕೊಂಡು ಓಡಾಡುವ ಎತ್ತಿನ ಗಾಡಿಗಳು, ಕತ್ತಲಾದರೆ ಯಡಿಯೂರು ಕೆರೆ ಕಡೆಯಿಂದ ನರಿಯ ಕೂಗು. ಕಳ್ಳರ ಭಯಕ್ಕೆ ಅನಂತಪದ್ಮನಾಭ ಕಿಟಕಿಗಳಿಗೆ ಹೆಬ್ಬೆರಳು ದಪ್ಪದ ಕಬ್ಬಿಣದ ಕಂಬಿ ಹಾಕಿಸಿದ್ದ. ಆ ಕಂಬಿಗಳು ಮನೆ ಕಟ್ಟುವಾಗ ಒಂದು ಮಳೆಗಾಲವಿಡೀ ಬಯಲಲ್ಲಿ ನೆನೆದಿದ್ದವು. ಜೋಡಿಸುವ ಹೊತ್ತಿಗೆ ಮುಟ್ಟಿದರೆ ಕೈಗೆ ಅರಿಶಿನ ಕುಂಕುಮ ಎರಡೂ ಹತ್ತುವಷ್ಟು ತುಕ್ಕು.

ಸೇತುವಿಗೆ ಹಲ್ಲು ಬರುವ ಸಮಯ. ನಡುಮನೆಯ ಕಿಟಕಿ ತಗ್ಗಿನಲ್ಲಿತ್ತು. ಅವನು ಕಂಬಿ ಹಿಡಿದು ಎದ್ದು ನಿಲ್ಲುವುದನ್ನು ಕಲಿತ ದಿನವೇ ಕಂಬಿಗೆ ಬಾಯಿ ಹಾಕುವುದನ್ನೂ ಕಲಿತ. ಎತ್ತಿನ ಗಾಡಿ ಕಂಡರೆ ಖುಷಿಗೆ ಕಚ್ಚುವನು, ಗಾಡಿ ಮರೆಯಾದರೆ ಸಿಟ್ಟಿಗೆ ಕಚ್ಚುವನು.

"ರೀ, ಅವನ ಬಾಯೆಲ್ಲ ತುಕ್ಕು" ಎಂದಳು ಚೂಡಾಮಣಿ.

"ಅದಕ್ಕೇ ಕಣೇ ಹೇಳ್ತಿರೋದು, ಬಣ್ಣ ಹೊಡೆಸ್ಬೇಕು ಅಂತ. ಮೊದಲು ರೆಡ್ ಲೆಡ್ ಒಂದು ಕೈ, ಆಮೇಲೆ ಹಸಿರು ಎರಡು ಕೈ. ನಮ್ಮ ಇಲಾಖೆ ಸೇತುವೆಗೆಲ್ಲ ಅದೇ."

"ಸೇತುವೆಗೆ ಸರಿ, ಸೇತುಗಲ್ಲ. ರೆಡ್ ಲೆಡ್ ಅಂದ್ರೆ ಸೀಸ."

"ಮೇಲೆ ಹಸಿರು ಬರುತ್ತಲ್ಲ, ಕೆಳಗಿರೋದು ಎಲ್ಲಿ ಕಾಣುತ್ತೆ?"

"ಅವನ ಹಲ್ಲು ಹಸಿರಿನ ತನಕ ಬಂದು, ಇಲ್ಲಿಗೆ ಸಾಕು ಅಂತ ನಿಂತ್ಕೊಳ್ಳುತ್ತಾ?"

ವಾದದಲ್ಲಿ ಸೋತ ಗಂಡಸರು ಮಾಡುವಂತೆ ಅನಂತಪದ್ಮನಾಭ ಚಪ್ಪಲಿ ಹುಡುಕತೊಡಗಿದ. ಹೊರಡುವ ಮುಂಚೆ ಮಾತ್ರ ತಿರುಗಿ ಹೇಳಿದ, "ತುಕ್ಕು ಕೈಗೆ ತರಚಿ ಧನುರ್ವಾಯು ಬಂದ್ರೆ? ನೀನೇ ಹೇಳು, ಯಾವುದು ಬೇಕು."

ಯಾವುದೂ ಬೇಡ. ಮೂರನೆಯದೊಂದು ಇರಲೇಬೇಕು ಎಂದು ಅವಳ ಮನಸ್ಸಿಗೆ ಹೊಕ್ಕಿದ್ದು ಆ ಬೆಳಿಗ್ಗೆ, ದೋಸೆ ಹುಯ್ಯುವಾಗ. ಅತ್ತೆಯ ದೋಸೆ ಕಾವಲಿಯೂ ಕಬ್ಬಿಣವೇ. ಅವರ ಅತ್ತೆಯ ಕಾಲದ್ದು. ಅದಕ್ಕೆ ನೀರು ಸೋಕಿಸುವ ಹಾಗಿಲ್ಲ, ಬಟ್ಟೆಯಲ್ಲಿ ಒರೆಸಿ, ಹರಳೆಣ್ಣೆ ಸವರಿ, ಗೋಡೆಗೆ ಒರಗಿಸಬೇಕು. ತುಕ್ಕಿನ ಸುಳಿವಿಲ್ಲ, ಮುಖ ನೋಡಿಕೊಳ್ಳುವಷ್ಟು ಕಪ್ಪು ಹೊಳಪು. ಹರಳೆಣ್ಣೆಯನ್ನು ಮಗು ನೆಕ್ಕಿದರೂ ಹೆಚ್ಚೆಂದರೆ ಹೊಟ್ಟೆ ಸಡಿಲವಾದೀತು, ಅಷ್ಟೆ.

ಕಾವಲಿಗೆ ಆಗುವುದು ಕಂಬಿಗೆ ಯಾಕಾಗಬಾರದು? ಮಧ್ಯಾಹ್ನ ಅತ್ತೆ ಮಲಗಿದ್ದಾಗ ಚೂಡಾಮಣಿ ನಡುಮನೆಯ ಕಿಟಕಿಗೆ ಮೇಲಿಂದ ಕೆಳಗಿನವರೆಗೆ ಹರಳೆಣ್ಣೆ ತಿಕ್ಕಿದಳು. ಕಂಬಿಗಳು ಮಿರಮಿರ ಮಿಂಚಿದವು. ಆದರೆ ಎಣ್ಣೆ ಆರಲಿಲ್ಲ. ಮಾರನೆಯ ದಿನ ಬೀದಿಯ ಕೆಮ್ಮಣ್ಣೆಲ್ಲ ಬಂದು ಕೂತು, ಕಂಬಿಗಳಿಗೆ ಕೆಂಪು ತುಪ್ಪುಳ ಬಂದಂತಾಯಿತು. ಎದ್ದು ನಿಲ್ಲಲು ಹಿಡಿದ ಸೇತು ಜಾರಿ, ಗಲ್ಲ ಕಟ್ಟೆಗೆ ಬಡಿಸಿಕೊಂಡು ಬೀದಿಗೆ ಕೇಳುವಂತೆ ಅತ್ತ.

ಲಕ್ಷ್ಮಿದೇವಮ್ಮ ಮೊಮ್ಮಗನನ್ನು ಎತ್ತಿಕೊಂಡು ಕಿಟಕಿ ನೋಡಿದರು, ಸೊಸೆಯ ಕೈ ನೋಡಿದರು. "ಚೂಡಾ, ಕಾವಲಿಗೆ ಕೆಳಗಡೆ ಬೆಂಕಿ ಇರುತ್ತೆ ಕಣೆ. ಎಣ್ಣೆ ಅಲ್ಲಿ ಸುಟ್ಟು ಅಂಟ್ಕೊಳ್ಳುತ್ತೆ. ಕಿಟಕಿ ಕೆಳಗೆ ಒಲೆ ಹಚ್ತೀಯಾ?"

ಸೀಗೆಪುಡಿ ಹಾಕಿ ತಿಕ್ಕಿ ಎಣ್ಣೆ ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ಕಚೇರಿಯಿಂದ ಬಂದ ಗಂಡ ಬಾಗಿಲಲ್ಲೇ ನಿಂತು, "ಏನು, ಕಿಟಕಿಗೂ ಎಣ್ಣೆ ಸ್ನಾನವಾ? ಹಬ್ಬ ಇನ್ನೂ ದೂರ ಇದೆಯಲ್ಲ" ಎಂದ. ನಕ್ಕವನು ಅದೇ ವಾರ ರೆಡ್ ಲೆಡ್ ಡಬ್ಬ ತಂದೇಬಿಟ್ಟ. ಯಡಿಯೂರಿನ ಪೇಂಟರ್ ಬೋರಣ್ಣ ಗುರುವಾರ ಬಂದು ಗೇಟಿಗೆ ಮೊದಲ ಕೈ ಹೊಡೆದ. ಕಿತ್ತಳೆ ಕೆಂಪಿನ ಗೇಟು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

"ಸೋಮವಾರ ಕಿಟಕಿಗೆ ಬತ್ತೀನಿ ಅಮ್ಮಾವ್ರೆ" ಎಂದು ಬೋರಣ್ಣ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಹೋದ.

ಶುಕ್ರವಾರ ಬೆಳಿಗ್ಗೆ ಚೂಡಾಮಣಿ ಮಗುವಿಗೆ ಗಂಜಿ ಕುಡಿಸಲು ಕೂತಳು. ಬಾಯಿ ತೆರೆದ ಮಗುವಿನ ಕೆಳದುಟಿಯ ಒಳಗೆ, ಮೊಳೆತ ಎರಡು ಹಲ್ಲಿನ ಬುಡದಲ್ಲಿ, ನೀಲಿಗಪ್ಪು.

ಗಂಜಿಯ ಒಳಲೆ ಕೈಯಿಂದ ಬಿತ್ತು. ಅವಳಿಗೆ ಕಂಡದ್ದು ಮಗನ ಬಾಯಲ್ಲ, ತಂದೆಯ ಬಾಯಿ. ಗೇಟಿನ ಹತ್ತಿರ ಹೋಗಿದ್ದನೇ? ಯಾರು ಎತ್ತಿಕೊಂಡು ಹೋದರು? ಬೋರಣ್ಣ ಕೈ ತೊಳೆಯದೆ ಗಲ್ಲ ಹಿಂಡಿದನೇ? ಕೇಳಲು ಗಂಡ ಮನೆಯಲ್ಲಿಲ್ಲ. ಅವಳು ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಸೌತ್ ಎಂಡ್ ರಸ್ತೆಯಲ್ಲಿ ಗಾಂಧಿಬಜಾರಿನ ಡಾಕ್ಟರ ಕಡೆಗೆ ನಡೆದಳು, ನಡೆದಳು ಎನ್ನುವುದಕ್ಕಿಂತ ಓಡಿದಳು. ಹಿಂದೆ ಲಕ್ಷ್ಮಿದೇವಮ್ಮ, "ನಿಲ್ಲೇ, ಛತ್ರಿನಾದ್ರೂ ತಗೊಳ್ಳೇ, ಮಗು ನೆತ್ತಿ ಸುಡುತ್ತೆ" ಎನ್ನುತ್ತ ಏದುಸಿರು ಬಿಡುತ್ತಿದ್ದರು.

ಡಾಕ್ಟರು ವಯಸ್ಸಾದವರು, ಯಾವ ತಾಯಿಯ ಗಾಬರಿಗೂ ಗಾಬರಿಯಾಗದವರು. ಗೇಟಿನ ಬಣ್ಣದ ಕಥೆಯೆಲ್ಲ ಕೇಳಿ, ಮಗುವಿನ ಬಾಯಿ ತೆರೆದು, ಹತ್ತಿಯಲ್ಲಿ ಒಸಡನ್ನು ಒರೆಸಿ, ಹತ್ತಿಯನ್ನು ಅವಳ ಮುಂದೆ ಹಿಡಿದರು. ಕಪ್ಪು ಹತ್ತಿಗೆ ಬಂದಿತ್ತು. ಒಸಡು ಗುಲಾಬಿಯಾಗಿತ್ತು.

"ಸೀಸದ ಗೆರೆ ಹೀಗೆ ಒರೆಸಿದ್ರೆ ಹೋಗಲ್ಲಮ್ಮ. ನಿನ್ನೆ ಹೊಡೆದ ಬಣ್ಣಕ್ಕೆ ಇವತ್ತು ಬರೋದೂ ಇಲ್ಲ. ಇದು ಶಾಯಿ. ಏನು, ಇಷ್ಟು ಬೇಗ ಅಕ್ಷರಾಭ್ಯಾಸ ಮಾಡಿಸಿಬಿಟ್ರಾ?"

ಚೂಡಾಮಣಿ ಹತ್ತಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. "ಹಾಗಾದ್ರೆ ಸೀಸದ ಬಣ್ಣದಿಂದ ಏನೂ ಆಗಲ್ವಾ ಡಾಕ್ಟರೇ?"

"ಹಾಗೆ ನಾನು ಹೇಳ್ಲಿಲ್ಲ. ಕಂಬಿ ಕಚ್ಚೋ ಮಗು ಇರೋ ಮನೆಗೆ ಆ ಬಣ್ಣ ಒಳ್ಳೇದಲ್ಲ. ಆದ್ರೆ ಇದು ಅದಲ್ಲ. ಎಲ್ಲಿಂದ ಬಂತು ಅಂತ ಮನೇಲೇ ಹುಡುಕಿ."

ದಾರಿಯುದ್ದಕ್ಕೂ ಅವಳು ಹುಡುಕಿದಳು. ಮನೆಯಲ್ಲಿ ಶಾಯಿ ಎಂದರೆ ಗಂಡನ ನಕ್ಷೆಯ ಕಪ್ಪು ಶಾಯಿ, ಅದು ಬೀರುವಿನ ಮೇಲೆ. ಸಂಜೆ ಅನಂತಪದ್ಮನಾಭ ಬಾಟಲಿ ಇಳಿಸಿ ತೋರಿಸಿದ, ಬಿರಟೆ ಬಿಗಿಯಾಗಿಯೇ ಇತ್ತು. ಇನ್ನು ಮಗುವಿನ ಬಾಯಿಗೆ ಹೋಗುವುದೆಂದರೆ ಹಾಲು, ಗಂಜಿ, ಮತ್ತೆ ಅತ್ತೆ ತೇದು ಹಾಕುವ ಔಷಧಿ. ಅವಳು ಬಾಯಿ ತೆರೆಯುವ ಮೊದಲೇ ಲಕ್ಷ್ಮಿದೇವಮ್ಮನವರ ಮುಖ ಬಿಗಿದುಕೊಂಡಿತು.

"ನನ್ನ ಅಳಲೆಕಾಯಿ ಮೇಲೆ ಬಂತಾ ನಿನ್ನ ಕಣ್ಣು? ನಿನ್ನ ಗಂಡನಿಗೆ ಹಾಕ್ದೆ, ಅವನ ತಂಗಿಗೆ ಹಾಕ್ದೆ. ಯಾರ ಬಾಯಿ ಕಪ್ಪಾಗಿದೆ, ತೋರಿಸು."

"ನಾನು ಏನೂ ಅನ್ಲಿಲ್ಲ ಅತ್ತೆ."

"ಅನ್ಲಿಲ್ಲ. ನೋಡ್ದೆ."

ನೋಡುವುದು ನಿಜವೇ. ಶನಿವಾರ ಬೆಳಿಗ್ಗೆ ಅವಳು ಬೇರೆ ಕೆಲಸವನ್ನೆಲ್ಲ ಬಿಟ್ಟು ಮಗುವನ್ನೇ ನೋಡುತ್ತ ಕೂತಳು. ಅತ್ತೆ ಎಂದಿನಂತೆ ಸಣ್ಣ ಕಲ್ಲಿನ ಮೇಲೆ ಸೊಸೆಯಿಂದ ಎದೆಹಾಲು ಬಿಡಿಸಿಕೊಂಡು ಬಜೆ ಒಂದು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ, ಮಾಚಿಕಾಯಿ ಇನ್ನಷ್ಟು ಸುತ್ತು ತೇದು, ಬೆರಳಲ್ಲಿ ಬಳಿದು ಮಗುವಿನ ನಾಲಿಗೆಗೆ ಸವರಿದರು. ಸೊಸೆ ನೋಡುತ್ತಿದ್ದಾಳೆಂದು ಈ ದಿನ ತುಸು ಜಾಸ್ತಿಯೇ ಸವರಿದರು. ಸೇತು ಮುಖ ಕಿವಿಚಿದ. ಬಾಯಿ ಎಂದಿನಂತೆಯೇ ಇತ್ತು, ಕಪ್ಪಿಲ್ಲ. "ಕಾಣ್ತಾ?" ಎಂದು ಅತ್ತೆ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ಒಳಗೆ ಹೋದರು.

ಬೀದಿಯಲ್ಲಿ ಕಲ್ಲಿನ ಗಾಡಿ ಬಂತು. ಸೇತು ಖುಷಿಗೆ ಕಂಬಿಗೆ ಬಾಯಿ ಹಾಕಿದ. ಒಗರು ಜೊಲ್ಲು ಕಂಬಿಯ ಮೇಲೆ ಇಳಿಯಿತು. ಇಳಿದ ದಾರಿಯಲ್ಲಿ ಕೆಂಪು ತುಕ್ಕು, ಅವಳು ನೋಡನೋಡುತ್ತಿದ್ದಂತೆಯೇ, ಮಸಿಯ ಬಣ್ಣಕ್ಕೆ ತಿರುಗಿತು. ಮಗು ಬಾಯಿ ತೆಗೆದು ಅವಳತ್ತ ನೋಡಿ ನಕ್ಕಾಗ ತುಟಿಯೆಲ್ಲ ಕಪ್ಪು.

ಚೂಡಾಮಣಿಗೆ ಹೆದರಲು ನೆನಪಾಗಲಿಲ್ಲ. ಮಗುವಿನ ಬಾಯಿ ಒರೆಸಿ, ಅವನನ್ನು ಪಕ್ಕಕ್ಕೆ ಕೂರಿಸಿ, ಕಿಟಕಿಯ ಮುಂದೆ ಮಂಡಿಯೂರಿದಳು. ಮಗುವಿನ ಬಾಯಿಯ ಎತ್ತರಕ್ಕೆ ಸರಿಯಾಗಿ ಒಂದು ಗೇಣಿನಷ್ಟು ಕಂಬಿ ಕಪ್ಪಾಗಿತ್ತು. ಇಂದಿನದಷ್ಟೇ ಅಲ್ಲ, ಹಿಂದಿನ ದಿನಗಳದ್ದೂ ಪದರ ಪದರವಾಗಿ ಕೂತಿತ್ತು. ಹರಳೆಣ್ಣೆಯ ಕೊಳೆ ಎಂದುಕೊಂಡು ಅವಳು ಇಷ್ಟು ದಿನ ಗಮನಿಸಿರಲಿಲ್ಲ. ಅದರ ಮೇಲೆ ಬೆರಳಾಡಿಸಿದಳು, ಕೆಂಪು ಪುಡಿ ಬರಲಿಲ್ಲ. ಮೇಲೆ ಕೆಳಗೆ ಮುಟ್ಟಿದಳು, ಬೆರಳು ಕೆಂಪಾಯಿತು. ಕಪ್ಪಾದ ಕಡೆ ಉಗುರಲ್ಲಿ ಕೆರೆದಳು, ನುಣುಪಾಗಿ, ಕಾವಲಿಯ ಹಾಗೆ ಗಟ್ಟಿಯಾಗಿತ್ತು.

ತುಕ್ಕನ್ನು ಕಿತ್ತುಹಾಕಿಲ್ಲ, ತುಕ್ಕನ್ನೇ ಇನ್ನೊಂದು ಮಾಡಿಬಿಟ್ಟಿದೆ. ಅಳಲೆಕಾಯಿಯ ಒಗರಿನಲ್ಲಿ ಏನೋ ಇದೆ, ತುಕ್ಕಿನ ಜೊತೆ ಸೇರಿದರೆ ಶಾಯಿಯಾಗುತ್ತದೆ. ಹಾಗಿದ್ದರೆ ಈ ಕಪ್ಪಿಗೂ ಒಗರಿರುತ್ತದೆಯೇ? ಅಕ್ಕಪಕ್ಕ ನೋಡಿ, ಮುಂದಕ್ಕೆ ಬಗ್ಗಿ, ಕಂಬಿಯನ್ನು ನಾಲಿಗೆಯ ತುದಿಯಲ್ಲಿ ಮುಟ್ಟಿದಳು.

"ಅಯ್ಯೋ ರಾಮ!" ಹಿಂದೆ ಲೋಟ ಹಿಡಿದು ನಿಂತಿದ್ದ ಲಕ್ಷ್ಮಿದೇವಮ್ಮನವರ ದನಿ. "ಮಗು ಆಯ್ತು, ಈಗ ತಾಯಿಗೂ ಹಲ್ಲು ಬರ್ತಿದೆಯಾ!"

ಚೂಡಾಮಣಿ ಅತ್ತೆಯ ಕೈ ಹಿಡಿದು ಎಳೆದು ಕೂರಿಸಿ ತೋರಿಸಿದಳು. ಲಕ್ಷ್ಮಿದೇವಮ್ಮ ಮೊದಲು ಕಂಬಿ ಮುಟ್ಟಿದರು, ಆಮೇಲೆ ಕನ್ನಡಕ ತರಿಸಿಕೊಂಡು ಮುಟ್ಟಿದರು. ನಿನ್ನೆಯಿಂದ ಬಿಗಿದಿದ್ದ ಮುಖ ಮೆಲ್ಲಗೆ ಸಡಿಲವಾಯಿತು.

"ಅಂದ್ರೆ ನನ್ನ ಔಷಧಿ ಕಿಟಕಿಗೂ ಹಿಡೀತು ಅನ್ನು."

"ಕಿಟಕಿಗೇ ಚೆನ್ನಾಗಿ ಹಿಡಿದಿರೋದು ಅತ್ತೆ. ಮಗುಗಾದ್ರೆ ಉಗೀತಾನೆ."

ಸೋಮವಾರ ಬೋರಣ್ಣ ಬರುತ್ತಾನೆ. ಅಷ್ಟರೊಳಗೆ ಗಂಡನ ಕಣ್ಣಿಗೆ ಕಾಣುವಂತೆ ಏನಾದರೂ ಮಾಡಿ ತೋರಿಸದಿದ್ದರೆ ಆ ಡಬ್ಬದ ಮುಚ್ಚಳ ತೆರೆಯುತ್ತದೆ. ಅತ್ತೆ ಸೊಸೆ ಇಬ್ಬರೂ ಸೇರಿ ಬಚ್ಚಲುಮನೆ ಬಾಗಿಲಿನ ಹಳೆಯ ಅಗಳಿಯನ್ನು ಹಿಡಿದುಕೊಂಡರು. ಮನೆಯಲ್ಲಿ ಅದರಷ್ಟು ತುಕ್ಕು ಹಿಡಿದದ್ದು ಬೇರೊಂದಿರಲಿಲ್ಲ. ತೇದು ಹಚ್ಚಿದರೆ ಜಿಡ್ಡಾಗಿ ಉಳಿಯಿತು. "ಕಷಾಯ ಇಳಿಸು" ಎಂದರು ಅತ್ತೆ. ಅಳಲೆಕಾಯಿ, ಮಾಚಿಕಾಯಿ ಜಜ್ಜಿ, ಮಣ್ಣಿನ ಕುಡಿಕೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿದರು. ತೆಂಗಿನ ನಾರಿನಿಂದ ಸಡಿಲ ತುಕ್ಕನ್ನು ಉಜ್ಜಿ ತೆಗೆದು, ಕಷಾಯ ಬಳಿದು ಆರಲು ಬಿಟ್ಟರು, ಮತ್ತೆ ಬಳಿದರು. ಮಧ್ಯಾಹ್ನದ ಹೊತ್ತಿಗೆ ಅಗಳಿ ಕಾಡಿಗೆಯಂತೆ ಕಪ್ಪಾಗಿತ್ತು.

ಭಾನುವಾರ ಅನಂತಪದ್ಮನಾಭ ಸ್ನಾನಕ್ಕೆ ಹೋಗಿ ಬಂದ. ಅವನ ಅಂಗೈ ಕಪ್ಪು. "ಇದೇನೇ, ಬಚ್ಚಲಲ್ಲಿ ಕಾಡಿಗೆ ಕಟ್ಟಿದ್ದೀರಾ?"

ಚೂಡಾಮಣಿ ಬಚ್ಚಲಿಗೆ ಓಡಿದಳು. ಅಗಳಿಯನ್ನು ನೋಡಿದಳು. ಒಳಗಿನ ಪದರ ನಿಂತಿತ್ತು. ಆದರೆ ಹಂಡೆಯ ಹಬೆಗೆ, ನೀರಿಗೆ, ಮೇಲಿನದು ಕರಗಿ ಇಳಿಯುತ್ತಿತ್ತು. ಬಚ್ಚಲಲ್ಲೇ ಹೀಗಾದರೆ ಮಳೆಗೆ ಏನು ಗತಿ? ಕಷಾಯದ ಕಪ್ಪು, ತುಕ್ಕನ್ನು ತಡೆಯಬಹುದು, ನೀರನ್ನು ತಡೆಯುವುದಿಲ್ಲ. ಹರಳೆಣ್ಣೆ ನೀರನ್ನು ತಡೆಯುತ್ತದೆ, ಆದರೆ ಆರುವುದಿಲ್ಲ. ಎಣ್ಣೆಯಂತೆ ನೀರು ತಡೆಯಬೇಕು, ಎಣ್ಣೆಯಂತೆ ಅಂಟಬಾರದು, ಮಗು ಕಚ್ಚಿದರೂ ಕೇಡಾಗಬಾರದು. ಅಂಥದ್ದು ಯಾವುದು?

ಇದನ್ನೇ ಯೋಚಿಸುತ್ತ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಒಲೆಯ ಮುಂದೆ ಅತ್ತೆ ಹೋಳಿಗೆ ಬೇಯಿಸುತ್ತಿದ್ದರು. ಸೌದೆಯ ಕಾವಿಗೆ ಅವರ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಹಣೆಯ ನಡುವಿನ ಕುಂಕುಮ ಮಾತ್ರ ಬೆಳಿಗ್ಗೆ ಇಟ್ಟ ಹಾಗೆಯೇ, ಅಂಚು ಕೂಡ ಕದಡದೆ, ದುಂಡಗೆ ಕೂತಿತ್ತು.

"ಅತ್ತೆ, ನಿಮ್ಮ ಕುಂಕುಮ ಯಾಕೆ ಕರಗಲ್ಲ?"

"ಒಳ್ಳೇ ಪ್ರಶ್ನೆ. ನಿನ್ನ ಕಪ್ಪಿಗೂ ನನ್ನ ಕುಂಕುಮಕ್ಕೂ ಏನೇ? ಮೇಣ ಹಚ್ಚಿ ಇಡ್ತೀನಿ, ಅದಕ್ಕೇ ಕರಗಲ್ಲ" ಎಂದ ಅತ್ತೆ, ಮಗುಚುಕಡ್ಡಿ ಹಿಡಿದ ಕೈ ತಡೆದು, ಸೊಸೆಯತ್ತ ತಿರುಗಿದರು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಲಕ್ಷ್ಮಿದೇವಮ್ಮನವರ ಕುಂಕುಮದ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿಯ ಭರಣಿ ಇತ್ತು. ಅದರಲ್ಲಿ ಅವರೇ ಕಾಯಿಸಿ ಮಾಡಿಕೊಂಡ ಮೇಣ: ಗ್ರಂಧಿಗೆ ಅಂಗಡಿಯಿಂದ ತಂದ ಜೇನುಮೇಣಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ. ಹೋಳಿಗೆ ಅರ್ಧಕ್ಕೇ ನಿಂತಿತು. ಅಗಳಿಯನ್ನು ಒಣಗಿಸಿ, ಕೆಂಡದ ಶಾಖ ತೋರಿಸಿ, ಕಪ್ಪಿನ ಮೇಲೆ ಬೆಚ್ಚಗಿನ ಮೇಣವನ್ನು ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿದರು. ಚೂಡಾಮಣಿ ಅದರ ಮೇಲೆ ಒಂದು ಚೊಂಬು ನೀರು ಹುಯ್ದಳು. ನೀರು ಕೆಸುವಿನೆಲೆಯ ಮೇಲೆ ಬಿದ್ದಂತೆ ಮಣಿಮಣಿಯಾಗಿ ಉರುಳಿಹೋಯಿತು. ಮುಟ್ಟಿದರೆ ಕೈಗೆ ಏನೂ ಹತ್ತಲಿಲ್ಲ. ಅವಳು ಇನ್ನೊಂದು ಚೊಂಬು ಹುಯ್ದಳು, ಆಮೇಲೆ ಸುಮ್ಮನೆ ನೋಡುವ ಆಸೆಗೆ ಇನ್ನೊಂದು.

ಸೋಮವಾರ ಬೆಳಿಗ್ಗೆ ಬೋರಣ್ಣ ಬಂದಾಗ ನಡುಮನೆಯ ಕಿಟಕಿಯ ಕಂಬಿಗಳು ಆಗಲೇ ಕಪ್ಪಾಗಿದ್ದವು. ಚೂಡಾಮಣಿ ಮೇಣದ ಬಟ್ಟೆ ಹಿಡಿದುಕೊಂಡು ಕಿಟಕಿಗೆ ಅಡ್ಡ ನಿಂತಿದ್ದಳು. ಬೋರಣ್ಣ ಗಾಳಿ ಮೂಸಿದ.

"ಇದೇನು ಅಮ್ಮಾವ್ರೆ, ಬಜೆ ಅಳಲೆಕಾಯಿ ವಾಸ್ನೆ. ಕಿಟ್ಕಿಗೂ ಬಾಣಂತನವಾ?"

"ಹೌದು ಬೋರಣ್ಣ. ಇನ್ನು ಸ್ವಲ್ಪ ದಿನ ಅದಕ್ಕೆ ಗಾಳಿ ತಾಗಿಸ್ಬೇಡ" ಎಂದರು ಒಳಗಿನಿಂದ ಲಕ್ಷ್ಮಿದೇವಮ್ಮ.

ಅನಂತಪದ್ಮನಾಭ ಕಚೇರಿಗೆ ಹೊರಟು ನಿಂತಿದ್ದ. ತಾಯಿ ಹೆಂಡತಿಯ ಪಕ್ಷಕ್ಕೆ ಸೇರಿದ್ದು ಅವನ ಮದುವೆಯಾದ ಮೇಲೆ ಇದೇ ಮೊದಲು. ಕಂಬಿ ಮುಟ್ಟಿದ, ಅಂಗೈ ನೋಡಿಕೊಂಡ, ಮತ್ತೆ ಮುಟ್ಟಿದ.

"ಇದು ಒಳಗಿರೋ ಅಗಳಿ ಅಲ್ಲ ಕಣೆ. ಪಡುವಣ ಮಳೆ ನೇರವಾಗಿ ಇದೇ ಕಿಟಕಿಗೆ ಹೊಡೆಯೋದು."

"ಹೊಡೀಲಿ, ನೋಡೋಣ. ತುಕ್ಕು ಬಂದ್ರೆ ನಾನೇ ಡಬ್ಬ ತೆಗೆದುಕೊಡ್ತೀನಿ."

"ನೀನೇ?"

"ನಾನೇ."

ಮಗು ಕೈಗೆ ಎಟುಕುವ ಆ ಒಂದು ಕಿಟಕಿ ಮಳೆ ಮುಗಿಯುವವರೆಗೆ ಅವಳದು, ಆಮೇಲೆ ಎಲ್ಲ ಕಿಟಕಿಗೂ ಒಂದೇ ತೀರ್ಮಾನ ಎಂದು ಮಾತಾಯಿತು. ಬೋರಣ್ಣ ಡಬ್ಬವನ್ನು ಅಟ್ಟಕ್ಕೆ ಏರಿಸಿ, ಗೇಟಿಗೆ ಹಸಿರು ಹೊಡೆದು ಹೋದ.

ಆ ಮಳೆಗಾಲದಲ್ಲಿ ಚೂಡಾಮಣಿ ಮಗುವಿನ ಮೈ ಮುಟ್ಟಿ ಜ್ವರ ನೋಡಿದಷ್ಟೇ ಸಲ ಕಂಬಿಯನ್ನೂ ಮುಟ್ಟಿ ನೋಡಿದಳು. ಎದುರುಮನೆಯ ಕಮಲಾದೇವಿ, "ಏನ್ರೀ, ಕಿಟಕಿಗೆ ಹುಷಾರಿಲ್ವಾ?" ಎಂದು ಕೇಳುವಷ್ಟು. ಮಳೆ ಬಂತು, ಗಾಳಿ ಸಮೇತ ಬಂತು. ನೀರು ಕಂಬಿಯ ಮೇಲೆ ಮಣಿಯಾಗಿ ಉರುಳಿತು. ಅವಳು ಒಳಗೊಳಗೇ ಬೀಗತೊಡಗಿದ ಹೊತ್ತಿಗೆ, ದಸರೆಗೆ ಮುಂಚೆ ಒಂದು ಬೆಳಿಗ್ಗೆ, ಮರದ ಚೌಕಟ್ಟಿನೊಳಗೆ ಕಂಬಿ ಹೂತುಕೊಳ್ಳುವ ಬುಡದಲ್ಲಿ ಒಂದು ಕೆಂಪು ಉಂಗುರ ಕಂಡಿತು.

ಸೆರಗಿಂದ ಒರೆಸಿದಳು. ಹೋಗಲಿಲ್ಲ. ಮುಂದಿನ ಕಂಬಿಯ ಬುಡದಲ್ಲೂ ಅದೇ.

ಯಾರೂ ನೋಡಿರಲಿಲ್ಲ. ಕಷಾಯ ಹಚ್ಚಿದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ಯಾಕೆ ಬಂತು ಎಂದು ತಿಳಿಯದೆ ಮುಚ್ಚಿಬಿಟ್ಟರೆ ಮತ್ತೆ ಬರುತ್ತದೆ, ಒಳಗೇ ತಿನ್ನುತ್ತದೆ. ಅದೂ ಅಲ್ಲದೆ ಕೊಟ್ಟ ಮಾತು. ಅವಳು ಕಾಫಿ ಕುಡಿಯುತ್ತಿದ್ದ ಗಂಡನನ್ನು ಕರೆದು ತಾನೇ ತೋರಿಸಿದಳು. "ಬಂದಿದೆ ರೀ. ಡಬ್ಬ ಇಳಿಸಿ ಬೇಕಾದ್ರೆ."

ಅನಂತಪದ್ಮನಾಭ ಗೆದ್ದವನಂತೆ ನಗಬಹುದಿತ್ತು. ಅವನು ಬಗ್ಗಿ, ಕಂಬಿಯ ಉದ್ದಕ್ಕೂ ಕಣ್ಣು ಹಾಯಿಸಿದ. ನಾಲ್ಕು ತಿಂಗಳ ಮಳೆ ತಿಂದ ಕಂಬಿ ಮೇಲಿಂದ ಕೆಳಗೆ ಕಪ್ಪಗೇ ಇತ್ತು. ಗೇಟಿನ ಕಡೆಗೊಮ್ಮೆ ನೋಡಿದ, ಅಲ್ಲಿ ಚಿಲಕ ಬಡಿಯುವ ಕಡೆ ಹಸಿರೂ ಕೆಂಪೂ ಎದ್ದು ತುಕ್ಕು ಇಣುಕುತ್ತಿತ್ತು. ಆಮೇಲೆ ಚೌಕಟ್ಟಿನ ಮೇಲೆ ಬೆರಳಿಂದ ಒಂದು ಹನಿ ನೀರು ಹಾಕಿದ. ಹನಿ ಹೊರಗೆ ಹರಿಯಲಿಲ್ಲ, ಕಂಬಿಯ ಬುಡಕ್ಕೆ ಬಂದು ನಿಂತಿತು.

"ಇದು ನಿನ್ನ ಕಷಾಯದ ತಪ್ಪಲ್ಲ ಕಣೆ" ಎಂದ ಮೆಲ್ಲಗೆ. "ಮರಕ್ಕೆ ಇಳಿಜಾರು ಇಲ್ಲ. ನೀರು ನಿಂತ್ರೆ ಯಾವ ಬಣ್ಣವೂ ಉಳಿಯಲ್ಲ. ಸೇತುವೆಯಲ್ಲೂ ಅಷ್ಟೆ, ಮೊದಲು ನೀರಿಗೆ ದಾರಿ ಕೊಡ್ತೀವಿ, ಆಮೇಲೆ ಬಣ್ಣ." ಆ ಭಾನುವಾರ ಅವನೇ ಉಳಿ ಹಿಡಿದು ಚೌಕಟ್ಟನ್ನು ಹೊರಗಡೆಗೆ ಇಳಿಜಾರಾಗಿ ಕೆತ್ತಿದ. ಅವಳು ಬುಡದ ತುಕ್ಕು ಉಜ್ಜಿ, ಕಷಾಯ ಹಾಕಿ, ಕರಗಿದ ಮೇಣವನ್ನು ಕಂಬಿಗೂ ಮರಕ್ಕೂ ನಡುವಿನ ಸಂದಿಗೆ ಚಮಚದಲ್ಲಿ ಹುಯ್ದಳು. ಸೇತು ಅಷ್ಟರಲ್ಲಿ ನಡೆಯುತ್ತಿದ್ದ. ಅಪ್ಪ ಕೆತ್ತಿದ ಮರದ ಚೂರನ್ನು ಬಾಯಿಗೆ ಹಾಕಿಕೊಂಡು ಓಡಿದ. ಅವಳು ಹಿಂದೆ ಓಡಿದಳು.

ಡಬ್ಬ ಅಟ್ಟದಲ್ಲೇ ಉಳಿಯಿತು. ಆಯುಧಪೂಜೆ ಬಂತು. ಮಿಕ್ಕ ಮನೆಗಳಲ್ಲಿ ಕತ್ತಿ, ಕುಡುಗೋಲು, ಸೈಕಲ್ಲು ಒರೆಸಿ ಕುಂಕುಮ ಇಟ್ಟರೆ, ಇವರ ಮನೆಯಲ್ಲಿ ಎಲ್ಲ ಕಿಟಕಿಗೂ ಕಷಾಯ, ಮೇಣ. ಬೇಗ ಸವೆಯುತ್ತದೆ, ವರ್ಷಕ್ಕೊಮ್ಮೆ ತಿಕ್ಕಲೇಬೇಕು ಎಂಬುದು ಅವಳಿಗೆ ಗೊತ್ತಾಗಿತ್ತು. ತಿಕ್ಕಲು ಹಬ್ಬವಂತೂ ವರ್ಷಕ್ಕೊಮ್ಮೆ ಬಂದೇ ಬರುತ್ತದಲ್ಲ. ಮುಂದಿನ ವರ್ಷಗಳಲ್ಲಿ ದಾಳಿಂಬೆ ಸಿಪ್ಪೆ ಕುದಿಸಿ ನೋಡಿದಳು, ಚಹದ ಚರಟ ಕುದಿಸಿ ನೋಡಿದಳು. ದಾಳಿಂಬೆ ಪರವಾಗಿಲ್ಲ, ಚಹ ಪೆದ್ದು, ಮಾಚಿಕಾಯಿಯ ಮುಂದೆ ಯಾವುದೂ ಇಲ್ಲ ಎಂದು ಕಮಲಾದೇವಿಗೆ ಹೇಳಿದಳು. ಒಮ್ಮೆ ಹಬ್ಬಕ್ಕೆ ಕಿಟಕಿ ತೊಳೆಯಲೆಂದು ಹುಣಸೆಹಣ್ಣು ತಿಕ್ಕಿ ಕಪ್ಪೆಲ್ಲ ಬಿಟ್ಟುಹೋಗಿ, ಹುಳಿಯ ಮುಂದೆ ಈ ಕಪ್ಪು ನಿಲ್ಲುವುದಿಲ್ಲ ಎಂಬುದನ್ನೂ ಕಲಿತಳು. ಕತ್ರಿಗುಪ್ಪೆಯಲ್ಲಿ ಹೊಸ ಮನೆ ಕಟ್ಟಿಸಿದ ನಾದಿನಿ ಕೂಡ, "ಅತ್ತಿಗೆ, ನಿಮ್ಮ ಕಿಟಕಿ ಔಷಧಿ ಸ್ವಲ್ಪ" ಎಂದು ಕೇಳಿಕೊಂಡು ಬಂದಳು.

ಅರವತ್ನಾಲ್ಕರ ಹೊತ್ತಿಗೆ ಸೇತು ಸ್ಕೂಲಿಗೆ ಹೋಗುತ್ತಿದ್ದ. ಕಿಟಕಿಯಲ್ಲಿ ಅವನ ಜಾಗಕ್ಕೆ ತಂಗಿ ವಿಮಲಾ ಬಂದಿದ್ದಳು. ಅವಳಿಗೆ ಕಿಟಕಿಗಿಂತ ಗೇಟಿನ ಮೇಲೆ ಮನಸ್ಸು. ಗೇಟಿನ ಕೆಳಗಿನ ಪಟ್ಟಿಯ ಮೇಲೆ ಹತ್ತಿ ನಿಂತು, ಮೇಲಿನ ಪಟ್ಟಿಗೆ ಗಲ್ಲ ಊರಿ, ಬೀದಿ ನೋಡುವಳು. ಗೇಟಿನ ಬಣ್ಣ ಚಕ್ಕೆಚಕ್ಕೆಯಾಗಿ ಹೆಕ್ಕಳಿಕೆ ಎದ್ದಿತ್ತು.

ಮತ್ತೆ ಬಣ್ಣ ಹೊಡೆಯಲು ಅನಂತಪದ್ಮನಾಭ ಅಟ್ಟ ಹತ್ತಿ ರೆಡ್ ಲೆಡ್ ಡಬ್ಬ ಇಳಿಸಿದ. ಮುಚ್ಚಳ ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿದ, ಸುತ್ತಿಗೆಯಲ್ಲಿ ಬಡಿದ. ಡಬ್ಬದ ಸುತ್ತ ತುಕ್ಕು ಹಿಡಿದು ಮುಚ್ಚಳವೂ ಡಬ್ಬವೂ ಒಂದಾಗಿಬಿಟ್ಟಿದ್ದವು.

"ಇದಕ್ಕೆ ಸ್ವಲ್ಪ ಕಷಾಯ ಹಚ್ಲಾ ರೀ?" ಎಂದಳು ಚೂಡಾಮಣಿ.

ಅವನು ಡಬ್ಬವನ್ನು ನೋಡಿದ. ಗೇಟಿನ ಪಟ್ಟಿಯ ಮೇಲೆ ಗಲ್ಲ ಊರಿ, ಹೆಕ್ಕಳಿಕೆಯ ಒಂದು ಚೂರನ್ನು ಉಗುರಲ್ಲಿ ಎಬ್ಬಿಸುತ್ತಿದ್ದ ಮಗಳನ್ನು ನೋಡಿದ. ಸುತ್ತಿಗೆ ಕೆಳಗಿಟ್ಟು ಹೋಗಿ ಅವಳನ್ನು ಎತ್ತಿಕೊಂಡು, ಅವಳ ಬೆರಳನ್ನು ತನ್ನ ಪಂಚೆಗೆ ಒರೆಸಿದ. ಒಂದು ಸಲ ಒರೆಸಿ, ಸಮಾಧಾನವಾಗದೆ, ಮತ್ತೆ ಒರೆಸಿದ.

"ಗೇಟಿಗೂ ಕುದಿಸೋಕಿಡು" ಎಂದ. "ಆದ್ರೆ ಮೊದಲು ಹಳೇ ಬಣ್ಣ ಕೆರೀಬೇಕಲ್ಲ. ಒಣಗಿದ್ದನ್ನ ಕೆರೆದ್ರೆ ಪುಡಿ ಹಾರುತ್ತೆ, ಮಕ್ಕಳ ಮೂಗಿಗೆ ಹೋಗುತ್ತೆ. ಒದ್ದೆ ಮಾಡಿ ಕೆರೆದ್ರೆ ನೀರು ಹಿತ್ತಲ ಸೊಪ್ಪಿನ ಮಡಿಗೆ ಹೋಗುತ್ತೆ. ಏನ್ ಮಾಡೋದೇ?"

ಚೂಡಾಮಣಿ ಗಂಡನ ಮುಖವನ್ನೇ ನೋಡಿದಳು. ಹೆದರಿಕೆ ಜೋಡಿಯಾಗಿ ಬರುವುದನ್ನು ಅವನೂ ಕಲಿತಿದ್ದ.

"ಮಕ್ಕಳನ್ನ ಕಮಲಾದೇವಿ ಮನೆಗೆ ಕಳಿಸೋಣ" ಎಂದಳು. "ಗೇಟಿನ ಕೆಳಗೆ ಹಳೇ ಗೋಣಿ ಹಾಸಿ, ಒದ್ದೆ ಮಾಡೇ ಕೆರೆಯೋಣ. ಗೋಣಿ ಸಮೇತ ಆ ಡಬ್ಬದ ಜೊತೆಗೇ ಒಂದು ಮರದ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದು ಅಟ್ಟಕ್ಕೆ ಏರಿಸಿಬಿಡಿ." ಒಳಗೆ ತಿರುಗಿ ಕೂಗಿದಳು, "ಅತ್ತೆ, ಮಾಚಿಕಾಯಿ ಎಷ್ಟಿದೆ? ಇದು ಮೈಯೆಲ್ಲ ಮಳೇಲಿ ನಿಲ್ಲೋ ಗೇಟು. ಕಿಟಕಿಯಷ್ಟು ಸುಲಭಕ್ಕೆ ಮಾತು ಕೇಳುತ್ತೋ ಇಲ್ವೋ, ನೋಡ್ಬೇಕು."